ಪೈಪಿನವರ ಶಿಫಾರಸು

ಜನವರಿ ೧೮

ಪ್ರೀತಿಯ ಅಕ್ಕ,

ಕೆಲಸ ಸಿಕ್ಕಿತು. ನಗಬೇಡ, ಇಲ್ಲದ ಜನರ ಹೆಸರಿನಲ್ಲಿ ಕಾಗದ ಬರೆಯುವ ಕೆಲಸ.

ವಿಶ್ವವಿದ್ಯಾಲಯದ ಹಿಂಭಾಗದಲ್ಲಿ, ಸೈಕಲ್ ಸ್ಟ್ಯಾಂಡಿನ ಮೇಲೊಂದು ಕೋಣೆ. ಮೂರು ಮೇಜು, ಕೆಮ್ಮುವ ಪ್ರಿಂಟರು, ಒಳಗೆ ಬರುವ ಮುಂಚೆ ಫೋನು ಹಾಕಿಬಿಡಲು ಬಾಗಿಲ ಬಳಿ ಒಂದು ಬುಟ್ಟಿ. ನಡೆಸುವವರು ಒಬ್ಬ ಪ್ರೊಫೆಸರ್ ಮೇಡಂ. ಹೊಸ ಕಂಪನಿ ಶುರುಮಾಡುವವರು ‘ನಮ್ಮಲ್ಲಿ ಹಣ ಹಾಕಿ’ ಎಂದು ಹೂಡಿಕೆದಾರರಿಗೆ ಬರೆಯುತ್ತಾರಲ್ಲ, ಅದಕ್ಕೆ ಕೆಲವರಿಗೆ ಉತ್ತರ ಬರುತ್ತದೆ, ಕೆಲವರಿಗೆ ಇಲ್ಲ. ಯಾಕೆ ಎನ್ನುವುದು ಮೇಡಂ ಪ್ರಶ್ನೆ. ಹೆಸರು ನೋಡಿಯೇ ಮೂಗು ಮುರಿಯುತ್ತಾರೋ, ಪರಿಚಯದವರು ಹೇಳಿ ಕಳಿಸಿದರೆ ಮಾತ್ರ ಓದುತ್ತಾರೋ? ಅದಕ್ಕೇ ನಾನು ಇಲ್ಲದ ಕಂಪನಿಗಳನ್ನೂ ಇಲ್ಲದ ಮಾಲೀಕರನ್ನೂ ಹುಟ್ಟಿಸಬೇಕು. ಒಂದೇ ಪತ್ರ ಒಮ್ಮೆ ಹೆಂಗಸಿನ ಹೆಸರಲ್ಲಿ, ಒಮ್ಮೆ ಗಂಡಸಿನ ಹೆಸರಲ್ಲಿ, ಒಮ್ಮೆ ಈ ಕಡೆಯವರದು, ಒಮ್ಮೆ ಆ ಕಡೆಯವರದು. ಯಾರಿಗೆ ಉತ್ತರ ಬಂತು ಎಂದು ಮೇಡಂ ಎಣಿಸುತ್ತಾರೆ. ಉತ್ತರ ಕೊಟ್ಟವರಿಗೆ ‘ಸದ್ಯಕ್ಕೆ ಬೇಡ, ವಂದನೆಗಳು’ ಎಂದು ಬರೆದು ಅಲ್ಲಿಗೇ ನಿಲ್ಲಿಸಬೇಕು. ಅದು ಅವರ ಕಟ್ಟುನಿಟ್ಟು. ಕೊನೆಗೆ ಎಲ್ಲ ಹೂಡಿಕೆದಾರರಿಗೂ ಒಂದು ನಿಜದ ಪತ್ರ ಹೋಗುತ್ತದಂತೆ: ಇದು ಸಂಶೋಧನೆ, ಅಂಥವರು ಯಾರೂ ಇಲ್ಲ, ಮನ್ನಿಸಿ.

“ಸಾಹಿತ್ಯ ಓದಿದವಳು ಇಲ್ಲಿಗ್ಯಾಕೆ ಬಂದೆ?” ಎಂದು ಮೇಡಂ ಕೇಳಿದರು. “ಇಲ್ಲದವರನ್ನ ನಂಬೋ ಅಭ್ಯಾಸ ಇದೆ ಮೇಡಂ” ಎಂದೆ. ನನ್ನ ದನಿ ಅವರಿಗೆ ಕೇಳಿಸಲಿಲ್ಲ. ಆದರೂ ಕೆಲಸ ಕೊಟ್ಟರು.

ಫೋನ್ ಮಾಡುವುದಿಲ್ಲ ಎಂದು ಬೈಯಬೇಡ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿನಗೇ ಗೊತ್ತು. ನಿನ್ನ ಬೆಡ್‌ಶೀಟು ಎಲ್ಲಿಗೆ ಬಂತು?

ನಿನ್ನ
ಗುಬ್ಬಿ


ಜನವರಿ ೩೦

ಗುಬ್ಬಿ,

ಸಂಬಳ ಕೊಟ್ಟು ಸುಳ್ಳು ಬರೆಸುವವರೂ ಇದ್ದಾರೆ ಅಂತ ಗೊತ್ತಿರಲಿಲ್ಲ. ಚಿಕ್ಕಂದಿನಿಂದ ನೀನು ಪುಕ್ಕಟೆ ಬರೆಯುತ್ತಿದ್ದೆ.

ಬೆಡ್‌ಶೀಟು ಕೆಲಸ ಮಾಡುತ್ತಿದೆ. ಮಾವನ ಹಾಸಿಗೆ ಮೇಲೆ ಹಾಸಿದ್ದೇನೆ. ಒಂದೇ ಮಗ್ಗುಲಿಗೆ ಎರಡು ಗಂಟೆ ಮಲಗಿದರೆ ತಲೆದೆಸೆಯ ಪೆಟ್ಟಿಗೆ ಕೂಗುತ್ತದೆ, ನಾನು ಹೋಗಿ ತಿರುಗಿಸುತ್ತೇನೆ. “ನಿನ್ನ ಬೆಡ್‌ಶೀಟು ನನ್ನ ಮೇಲೆ ಚಾಡಿ ಹೇಳುತ್ತೆ ಕಣಮ್ಮ” ಅಂತ ಬೈಯುತ್ತಾರೆ. ಬೈಯಲಿ. ಬೆನ್ನು ಮಗುವಿನ ಬೆನ್ನಿನ ಹಾಗಿದೆ. ವಾರ್ಡಿನಲ್ಲಿ ನರ್ಸಾಗಿ ಎಷ್ಟು ಬೆನ್ನು ನೋಡಿದ್ದೇನೆ, ಹಾಸಿಗೆ ಹುಣ್ಣಾಗಿ ಮೂಳೆ ಕಾಣುವಂಥವು. ತಿರುಗಿಸಲು ಯಾರಿಗೂ ನೆನಪಾಗಲಿಲ್ಲ, ಅಷ್ಟೇ ಕಾರಣ.

ಆದರೆ ಒಂದು ಬೆಡ್‌ಶೀಟು ಹೊಲಿದರೆ ಕಂಪನಿ ಆಗುವುದಿಲ್ಲ. ಅಂಗಡಿಯಲ್ಲಿ ಟೇಲರ್ ಮಾಮ ಒಳಗೆ ಮೈಭಾರ ಗುರುತಿಸುವ ಪಟ್ಟಿಗಳನ್ನಿಟ್ಟು ಹೊಲಿಯುತ್ತ ಕೂತಿದ್ದಾರೆ, ಕೈ ನಡುಗುತ್ತದೆ, ಮಗನ ಹತ್ತಿರ ಹೋಗಿಬಿಡುತ್ತೇನೆ ಅನ್ನುತ್ತಾರೆ. ಮ್ಯಾಟ್ರನಮ್ಮ ನನ್ನ ಜಾಗ ಮೇ ಕೊನೆಯವರೆಗೆ ಹಿಡಿದಿಟ್ಟಿದ್ದಾರೆ. ಅಷ್ಟರೊಳಗೆ ಹಣ ಹಾಕುವವರು ಸಿಗದಿದ್ದರೆ ಅಂಗಡಿ ಮುಚ್ಚಿ ವಾರ್ಡಿಗೆ ವಾಪಸ್ಸು. ನಿನ್ನ ಭಾವ ಏನೂ ಅನ್ನುವುದಿಲ್ಲ, ಉಣ್ಣುವಾಗ ತಟ್ಟೆ ನೋಡುತ್ತಾರೆ. ಏನಾದರೂ ಅಂದಿದ್ದರೆ ಸಹಿಸಬಹುದಿತ್ತು.

ಎಷ್ಟು ಜನಕ್ಕೆ ಬರೆದೆ! ಒಬ್ಬರದೂ ಉತ್ತರವಿಲ್ಲ. ನಮ್ಮ ಪೇಟೆಯಲ್ಲೇ ಗಾಜಿನ ಕಟ್ಟಡದಲ್ಲಿ ಕೂರುವ ಹಿರಿಯ ಹೂಡಿಕೆದಾರರಿದ್ದಾರೆ, ನಮ್ಮ ಅಂಗಡಿಯಿಂದ ಎರಡು ಬೀದಿ ಆಚೆ. ಅವರಿಗೆ ಬರೆದು ಎಂಟು ತಿಂಗಳಾಯಿತು. ನಿನ್ನ ಮೇಡಂನ ಕೇಳು ಗುಬ್ಬಿ, ನನ್ನ ಹೆಸರು ನೋಡಿ ಬಿಟ್ಟರಾ, ಇಲ್ಲಾ ನನ್ನ ಪರವಾಗಿ ಹೇಳುವವರು ಯಾರೂ ಇಲ್ಲ ಅಂತ ಬಿಟ್ಟರಾ? ಯಾವುದು ಅಂತ ಗೊತ್ತಾದರೆ ಅದಕ್ಕೇ ಅಳಬಹುದು.

ನಿನ್ನ ಇಲ್ಲದ ಜನಕ್ಕೆ ಉತ್ತರ ಬರುತ್ತಾ?

ಅಕ್ಕ


ಫೆಬ್ರವರಿ ೧೬

ಅಕ್ಕ,

ಬರುತ್ತದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರುತ್ತದೆ.

ನಿನ್ನ ಪ್ರಶ್ನೆಯನ್ನು ಮೇಡಂಗೆ ಕೇಳಲು ಮೂರು ಸಲ ಅವರ ಮೇಜಿನವರೆಗೆ ಹೋಗಿ ಪ್ರಿಂಟರಿಗೆ ಕಾಗದ ತುಂಬಿ ಬಂದೆ. ನಾಲ್ಕನೆಯ ಸಲ ಅವರೇ “ಏನು?” ಎಂದರು. ಕೇಳಿದೆ. “ಹೆಸರಿಂದಲೇ ಅಂತ ಇಲ್ಲೀವರೆಗೆ ಹೇಳೋ ಹಾಗಿಲ್ಲ” ಎಂದರು. “ಆದ್ರೆ ಉತ್ತರ ಬಂದ ಮಾತ್ರಕ್ಕೆ ಹಣ ಬಂತು ಅಂತಲ್ಲ. ಎಲ್ಲ ಉತ್ತರದಲ್ಲೂ ಒಂದು ಸಾಲು ಇದೆ ನೋಡು, ನಮ್ಮ ಬಗ್ಗೆ ನಿಮಗೆ ಯಾರು ಹೇಳಿದ್ರು ಅಂತ. ಬಾಗಿಲು ತೆಗೀತಾರೆ, ಕೂರಿಸೋದು ಆ ಸಾಲಿಗೆ ಉತ್ತರ ಇದ್ರೆ ಮಾತ್ರ.”

ಅಕ್ಕ, ನನಗೊಬ್ಬರು ಗೊತ್ತು. ಎಂಜಿನಿಯರ್. ನೆಲದೊಳಗೆ ನೀರಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಕೇಳಿಸಿಕೊಂಡು ಹೇಳುವ ಯಂತ್ರ ಮಾಡಿದವರು. ನಿಮ್ಮ ಗಾಜಿನ ಕಟ್ಟಡದ ಹಿರಿಯರಿಗೂ ಅವರಿಗೂ ಪತ್ರವ್ಯವಹಾರ ಇದೆ. ನಿನ್ನ ವಿಷಯ ಎರಡು ಮಾತು ಬರೆಯುತ್ತಾರೆ. ನಾನು ಅವರನ್ನು ಕಂಡಿಲ್ಲ, ಕಾಗದದಲ್ಲಷ್ಟೇ ಪರಿಚಯ. ಜಾಸ್ತಿ ಕೇಳಬೇಡ.

ಗುಬ್ಬಿ


ಮಾರ್ಚ್ ೪

ಗುಬ್ಬಿ, ಗುಬ್ಬಿ, ಗುಬ್ಬಿ,

ಕರೆ ಬಂತು ಕಣೇ! ಗಾಜಿನ ಕಟ್ಟಡದಿಂದ! ಪೈಪಿನವರು ಬರೆದ ಮೂರೇ ದಿನಕ್ಕೆ. ಎಂಟು ತಿಂಗಳು ನಾನು ಬರೆದದ್ದು ಅಲ್ಲೇ ಬಿದ್ದಿತ್ತಲ್ಲ, ಅದನ್ನೇ ಹುಡುಕಿ ತೆಗೆದಿದ್ದಾರೆ. ಅದೇ ಕಾಗದ, ಅದೇ ನಾನು. ಇಪ್ಪತ್ತಕ್ಕೆ ಬರಬೇಕಂತೆ. ನಿನ್ನ ಭಾವ ತಟ್ಟೆಯಿಂದ ತಲೆ ಎತ್ತಿದರು. ಟೇಲರ್ ಮಾಮ ಮಗನಿಗೆ ಫೋನ್ ಮಾಡಿ “ಈಗ ಬರಲ್ಲ, ಕಂಪನಿ ಕೆಲಸ ಇದೆ” ಅಂದರು, ಅವರೇ ಮಾಲೀಕರ ಹಾಗೆ.

ಈಗ ಹೇಳು. ಯಾರೇ ಅವನು?

ಕಂಡಿಲ್ಲವಂತೆ, ಕಾಗದದಲ್ಲಷ್ಟೇ ಪರಿಚಯವಂತೆ, ಜಾಸ್ತಿ ಕೇಳಬಾರದಂತೆ. ನಾನೇನು ನಿನ್ನೆ ಹುಟ್ಟಿದವಳಾ? ಬಸ್ಸಿನಲ್ಲಿ ಚಿಲ್ಲರೆ ಕೇಳಲು ಹೆದರುವವಳು ನೀನು. ನಿನ್ನ ಮಾತಿಗೆ ಒಬ್ಬ ಗಂಡಸು ನಿನ್ನ ಅಕ್ಕನಿಗೆ ಶಿಫಾರಸು ಬರೆಯುತ್ತಾನೆ ಅಂದರೆ ಸುಮ್ಮನೆಯಾ? ನನ್ನ ಅಭ್ಯಂತರವಿಲ್ಲ. ಸೋರುವುದನ್ನು ಕಿವಿಗೊಟ್ಟು ಕೇಳುವ ಗಂಡಸು ಸಿಗುವುದು ಕಷ್ಟ.

ಅವರ ನಂಬರ್ ಕಳಿಸು. ಒಂದು ಥ್ಯಾಂಕ್ಸ್ ಹೇಳಬೇಕು. ಹೆದರಬೇಡ, ಬೇರೇನೂ ಕೇಳುವುದಿಲ್ಲ. ಕೇಳಿದರೂ ನಯವಾಗಿ ಕೇಳುತ್ತೇನೆ.

ಅಕ್ಕ


ಮಾರ್ಚ್ ೧೨

ಅಕ್ಕ,

ನೀನು ತಿಳಿದ ಹಾಗಲ್ಲ. ದಯವಿಟ್ಟು ತಮಾಷೆ ಮಾಡಬೇಡ.

ಅವರ ನಂಬರ್ ಇಲ್ಲ. ದೂರ ಹೋಗಿದ್ದಾರೆ. ತುಂಬ ಸಂಕೋಚದವರು, ಥ್ಯಾಂಕ್ಸ್ ಎಲ್ಲ ಅವರಿಗೆ ಆಗುವುದಿಲ್ಲ. ಇಪ್ಪತ್ತನೇ ತಾರೀಕು ನೀನಾಗಿ ಅವರ ಮಾತು ಎತ್ತಬೇಡ. ಹಿರಿಯರೇ ಎತ್ತಿದರೆ ‘ಅಷ್ಟಾಗಿ ಪರಿಚಯವಿಲ್ಲ’ ಎಂದುಬಿಡು. ಬೆಡ್‌ಶೀಟಿನ ಬಗ್ಗೆ ಮಾತ್ರ ಮಾತಾಡು. ಹಾಸಿ ತೋರಿಸು. ಅವರು ಬೆಡ್‌ಶೀಟು ನೋಡಿ ಒಪ್ಪಿದರೆ ಉಳಿದದ್ದೆಲ್ಲ ಮರೆತುಹೋಗುತ್ತದೆ ಎಂದುಕೊಂಡಿದ್ದೇನೆ.

ನನಗೆ ಮೈ ಸರಿಯಿಲ್ಲ. ಜ್ವರವಿಲ್ಲ, ಆದರೆ ಜ್ವರ ಬಂದ ಹಾಗೆ. ಕೆಳಗೆ ಯಾರಾದರೂ ಸೈಕಲ್ ಬೆಲ್ ಹೊಡೆದರೂ ಎದೆ ಹಾರುತ್ತದೆ. ಮೇಡಂ ನಿಜದ ಪತ್ರವನ್ನು ಏಪ್ರಿಲ್ ಕೊನೆಗೇ ಕಳಿಸಬೇಕೆಂದು ನಿರ್ಧರಿಸಿದ್ದಾರೆ. ಕರಡು ಬರೆಯುವ ಕೆಲಸ ನನಗೇ ಬಂದಿದೆ. ‘ಅಂಥವರು ಯಾರೂ ಇಲ್ಲ’ ಎಂಬ ವಾಕ್ಯ ಬರೆಯುತ್ತೇನೆ, ಅಳಿಸುತ್ತೇನೆ.

ಗುಬ್ಬಿ


ಮಾರ್ಚ್ ೨೩

ಗುಬ್ಬಿ,

ಆಯಿತು. ಹೆಚ್ಚುಕಡಿಮೆ ಆಯಿತು ಅಂತಲೇ ಅಂದುಕೋ. ಏಪ್ರಿಲ್ ಕೊನೆಗೆ ಅವರ ಕಮಿಟಿ ಕೂರುತ್ತದೆ, ಬರೀ ಲೆಕ್ಕಕ್ಕೆ. ಆದರೆ ನನಗೆ ಒಂಥರಾ ಆಗಿದೆ. ಕೇಳು.

ಉದ್ದನೆ ಮೇಜು, ಆ ಕೊನೆಯಲ್ಲಿ ಹಿರಿಯರು, ಪಕ್ಕದಲ್ಲಿ ಇಬ್ಬರು ಕಿರಿಯರು. ನಾನು ಕೂರುವ ಮುಂಚೆಯೇ ಹಿರಿಯರು, “ಬನ್ನಿ ಬನ್ನಿ, ನಮ್ಮ ಪೈಪಿನವರ ಕಡೆಯವರಲ್ವಾ! ಹೇಗಿದ್ದಾರೆ?” ಅಂದರು. ನೀನು ಹೇಳಿಕೊಟ್ಟದ್ದು ಮರೆತೇಹೋಯಿತು. “ಚೆನ್ನಾಗಿದ್ದಾರೆ ಸಾರ್” ಅಂದೆ.

“ಬಹಳ ವರ್ಷದ ಸ್ನೇಹ ನಮ್ದು” ಅಂತ ಕಿರಿಯರ ಕಡೆ ತಿರುಗಿದರು. “ಮನೆಗೆ ಊಟಕ್ಕೆ ಬಂದಿದ್ರು. ಏನು ನಗು ಮಾರಾಯ್ರೇ ಆ ಮನುಷ್ಯಂದು! ಮೇಜು ತಟ್ಟಿಕೊಂಡು ನಗ್ತಾರೆ. ಅಲ್ವೇನಮ್ಮ?”

ನಾನು, “ಹೌದು ಸಾರ್, ಜೋರಾಗಿ ನಗ್ತಾರೆ” ಅಂದೆ.

ಯಾಕೆ ಅಂದೆ? ಅವರು ನನ್ನ ಮುಖ ನೋಡುತ್ತಿದ್ದರು, ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅಲ್ಲಿಂದ ಎಲ್ಲ ಸಲೀಸು. ಪೈಪಿನವರನ್ನೇ ನನ್ನ ಕಂಪನಿಗೆ ಸಲಹೆಗಾರರಾಗಿ ಹಾಕೋಣ ಅಂದರು. ಬೆಡ್‌ಶೀಟಿನ ಚೀಲ ನನ್ನ ಮಡಿಲಲ್ಲೇ ಇತ್ತು. ಬಿಚ್ಚಿ ಅಂತ ಯಾರೂ ಅನ್ನಲಿಲ್ಲ.

ನೀನು ಸಂಕೋಚದವರು ಅಂದೆ. ಇವರು ಮೇಜು ತಟ್ಟುತ್ತಾರೆ ಅಂದರು. ಯಾರನ್ನು ನಂಬಲಿ? ಅವರು ಮದುವೆಯಾದವರಾ ಗುಬ್ಬಿ? ಅದಕ್ಕೇ ಮುಚ್ಚಿಡುತ್ತಿದ್ದೀಯಾ? ನಿಜ ಹೇಳು, ಬೈಯುವುದಿಲ್ಲ.

ಅಕ್ಕ


ಏಪ್ರಿಲ್ ೨

ಅಕ್ಕ,

ಅವರು ಮದುವೆಯಾದವರಲ್ಲ. ಅವರು ಇಲ್ಲ.

ಪೈಪಿನವರನ್ನು ಬರೆದವಳು ನಾನು. ಕೆಳಗೆ ಸೈಕಲ್ ಸ್ಟ್ಯಾಂಡಿನ ನಲ್ಲಿ ತೊಟ್ಟಿಕ್ಕುತ್ತಿತ್ತು, ಅದನ್ನು ಕೇಳುತ್ತ ಬರೆದೆ. ನಿಮ್ಮ ಹಿರಿಯರು ಬಹಳ ಆದರದ ಉತ್ತರ ಕೊಟ್ಟರು. ‘ಸದ್ಯಕ್ಕೆ ಬೇಡ’ ಎಂದು ಬರೆದು ಮುಗಿಸಬೇಕಿತ್ತು. ಅದೇ ವಾರ ನಿನ್ನ ಕಾಗದ ಬಂದಿತ್ತು. ಇಲ್ಲದವರಿಗೆ ಇಷ್ಟು ಬೇಗ ಬಾಗಿಲು ತೆರೆಯುವುದಾದರೆ ಇರುವ ನಿನಗೆ ಯಾಕಿಲ್ಲ ಎಂದು ಹೊಟ್ಟೆ ಉರಿಯಿತು. ಪೈಪಿನವರ ಹೆಸರಿನಲ್ಲಿ ನಿನ್ನ ಶಿಫಾರಸು ಬರೆದು ಕಳಿಸಿದೆ. ನಿನ್ನನ್ನು ಒಮ್ಮೆ ನೋಡಿದರೆ ಸಾಕು, ಅವರೇ ಒಪ್ಪುತ್ತಾರೆ ಎಂದುಕೊಂಡೆ.

ಮೊದಲು ಮೇಡಂಗೆ ಹೆದರುತ್ತಿದ್ದೆ. ನಿನ್ನ ಕಾಗದ ಓದಿದ ಮೇಲೆ ಹೆದರಿಕೆ ಬೇರೆ. ನಾನು ಪೈಪಿನವರಿಗೆ ಒಂದು ಯಂತ್ರ ಕೊಟ್ಟಿದ್ದೆ, ಒಂದು ವಿಳಾಸ ಕೊಟ್ಟಿದ್ದೆ. ನಗು ಕೊಟ್ಟಿರಲಿಲ್ಲ. ಮೇಜು ತಟ್ಟುವುದನ್ನು ನಾನು ಬರೆದಿಲ್ಲ. ಅವರು ಯಾರ ಮನೆಯಲ್ಲೂ ಉಂಡವರಲ್ಲ. ಈಗ ಇಬ್ಬರು ಅವರನ್ನು ಬಲ್ಲರು, ಒಬ್ಬಳು ನನ್ನ ಅಕ್ಕ. ಬೆಳಿಗ್ಗೆ ಕೋಣೆಯ ಬಾಗಿಲು ತೆರೆಯುವಾಗ ಅವರು ನನ್ನ ಕುರ್ಚಿಯಲ್ಲಿ ಕೂತಿರುತ್ತಾರೇನೋ ಎಂದು ಮೊದಲು ಇಣುಕಿ ನೋಡುತ್ತೇನೆ.

ಏಪ್ರಿಲ್ ಮೂವತ್ತಕ್ಕೆ ನಿಜದ ಪತ್ರ ನಿಮ್ಮ ಹಿರಿಯರ ಕೈ ಸೇರುತ್ತದೆ, ಇಲ್ಲದವರ ಹೆಸರುಗಳ ಸಮೇತ. ಅದರೊಳಗೆ ಏನಾದರೂ ಮಾಡು. ಏನು ಎಂದು ನನಗೆ ತಿಳಿಯುತ್ತಿಲ್ಲ.

ಗುಬ್ಬಿ


ಏಪ್ರಿಲ್ ೧೧

ಗುಬ್ಬಿ,

ಮಾವನ ಮಂಚದ ಪಕ್ಕ ನಿಂತು ಓದಿದೆ. ಅಲ್ಲೇ ಕೂತೆ. “ಯಾರು ಹೋದ್ರಮ್ಮ?” ಅಂದರು ಮಾವ. ಯಾರೂ ಇಲ್ಲ ಮಾವ, ಅಂದೆ.

ನಿನ್ನನ್ನು ಬೈಯಲು ಪುರುಸೊತ್ತಿಲ್ಲ. ನೀನು ಕಾಗದದಲ್ಲಿ ಸುಳ್ಳು ಬರೆದೆ, ನಾನು ಮುಖ ನೋಡಿಕೊಂಡು ಹೇಳಿದೆ. ನಿನ್ನೆ ಆ ಕಚೇರಿಯಿಂದ ಫೋನು: ಸಹಿ ಹಾಕುವುದಿದೆ, ಪೈಪಿನವರನ್ನು ಕರೆದುಕೊಂಡು ಬನ್ನಿ. ಯಾರನ್ನು ಕರೆದುಕೊಂಡು ಹೋಗಲಿ? ಟೇಲರ್ ಮಾಮನಿಗೆ ಕೋಟು ಹಾಕಿಸಲಾ? ಪೊಲೀಸ್ ಕೇಸ್ ಆಗುತ್ತಾ ಇದಕ್ಕೆ? ನಿನ್ನ ಭಾವನಿಗೆ ಹೇಳಿಲ್ಲ. ಅವರು ಹೊಸ ಬೋರ್ಡಿಗೆ ಯಾವ ಬಣ್ಣ ಅಂತ ಕೇಳುತ್ತಿದ್ದಾರೆ.

ಉತ್ತರ ಬರೆಯಬೇಡ. ಕಾಗದ ಬೇರೆಯವರ ಕೈಗೆ ಸಿಕ್ಕೀತು.

ಅಕ್ಕ


ಮೇ ೭

ಅಕ್ಕ,

ಬರೆಯಬೇಡ ಎಂದಿದ್ದೆ. ಬರೆಯದೆ ಇರಲು ಆಗುತ್ತಿಲ್ಲ. ನಿನ್ನಿಂದ ಒಂದು ಸುದ್ದಿಯೂ ಇಲ್ಲ. ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನಾನು ಫೋನ್ ಮಾಡಿದೆ ಎಂದರೆ ಎಷ್ಟು ಹೆದರಿದ್ದೇನೆ, ಯೋಚಿಸು.

ನಿಜದ ಪತ್ರ ಹೋಯಿತು. ಕೆಲವರು ಸಿಟ್ಟಾದರು, ಕೆಲವರು ನಕ್ಕರು. ನಿಮ್ಮ ಹಿರಿಯರ ಉತ್ತರವನ್ನು ಮೇಡಂ ನನ್ನ ಮೇಜಿಗೆ ತಂದು ಓದಿದರು: ‘ನಿಮ್ಮ ಪಟ್ಟಿಯಲ್ಲಿ ಒಂದು ತಪ್ಪಿದೆ. ನೀರಿನ ಪೈಪಿನ ಎಂಜಿನಿಯರ್ ಕಾಲ್ಪನಿಕ ವ್ಯಕ್ತಿಯಲ್ಲ. ಅವರು ನನ್ನ ಬಹುಕಾಲದ ಸ್ನೇಹಿತರು. ದಯವಿಟ್ಟು ಸರಿಪಡಿಸಿ, ನಮ್ಮ ಕಮಿಟಿಗೂ ತಿಳಿಸಿ.’

“ನಿಜವಾಗಿ ಇರೋ ಯಾರದಾದ್ರೂ ಹೆಸರು ಹಾಕಿಬಿಟ್ಯಾ?” ಎಂದರು ಮೇಡಂ.

ಹೌದು ಎಂದಿದ್ದರೆ ಸಾಕಿತ್ತು ಅಕ್ಕ. ಪಟ್ಟಿಯಿಂದ ಒಂದು ಹೆಸರು ಹೋಗುತ್ತಿತ್ತು, ನಿನ್ನ ಬೆಡ್‌ಶೀಟು ಉಳಿಯುತ್ತಿತ್ತು. ಬಾಯಿ ತೆರೆದೆ. ಆಗ ಪೈಪಿನವರು ನಿಮ್ಮ ಮನೆಯ ಮೇಜಿನ ಕೊನೆಯಲ್ಲಿ ಕೂತಂತೆ ಕಂಡಿತು. ನೀನು ಬದುಕಿರುವಷ್ಟು ದಿನ ಅವರ ಕ್ಷೇಮ ಹೇಳುತ್ತ ಇರಬೇಕು. ಎಲ್ಲವನ್ನೂ ಹೇಳಿಬಿಟ್ಟೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಮೇಡಂ ಬೈಯಲಿಲ್ಲ. “ಬುಟ್ಟಿಯಿಂದ ಫೋನ್ ತಗೊಂಡು ಹೋಗು. ನಾಳೆ ಬರಬೇಡ” ಎಂದರು. ಕಮಿಟಿಗೆ ನಿಜ ಬರೆಯುತ್ತಾರಂತೆ. ನಿನ್ನ ಹಣ ಹೋಯಿತು ಅಕ್ಕ. ನಾನೇ ತಂದದ್ದು, ನಾನೇ ಕಳೆದೆ. ಬೈದಾದರೂ ಒಂದು ಸಾಲು ಬರೆ.

ಗುಬ್ಬಿ


ಮೇ ೨೯

ಗುಬ್ಬಿ,

ಹಣ ಕಳೆದವಳು ನೀನಲ್ಲ. ನಾನು ಏಪ್ರಿಲ್ ಇಪ್ಪತ್ತೈದಕ್ಕೇ ಹೋಗಿ ಹೇಳಿದ್ದೆ. ಬರೆಯಲು ಧೈರ್ಯ ಇರಲಿಲ್ಲ.

ಅದೇ ಮೇಜು, ಅದೇ ಮೂವರು. “ಸಾರ್, ಪೈಪಿನವರು ಇಲ್ಲ” ಅಂದೆ.

“ಇಲ್ಲ ಅಂದ್ರೆ? ಅಯ್ಯೋ, ತೀರಿಕೊಂಡ್ರಾ?”

“ಇಲ್ಲ ಸಾರ್. ಹುಟ್ಟೇ ಇಲ್ಲ.”

ಕಿರಿಯರಲ್ಲಿ ಒಬ್ಬ ತಲೆ ತಗ್ಗಿಸಿ ಪೆನ್ನು ನೋಡತೊಡಗಿದ. ಹಿರಿಯರು ಇಬ್ಬರನ್ನೂ ಹೊರಗೆ ಕಳಿಸಿದರು. ಬಾಗಿಲು ಮುಚ್ಚಿದ ಮೇಲೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು. “ಕಮಿಟಿಯವರಿಗೆಲ್ಲ ನನ್ನ ಸ್ನೇಹಿತರು ಅಂದುಬಿಟ್ಟಿದೀನಮ್ಮ. ನೀವು ಸುಮ್ನಿರಿ. ವಿದೇಶಕ್ಕೆ ಹೋದ್ರು ಅನ್ನೋಣ. ನಿಮ್ಮ ಹಣಕ್ಕೆ ನಾನಿದೀನಿ.” ಅಷ್ಟು ದೊಡ್ಡ ಮನುಷ್ಯರು ನನಗೆ ಹೆದರುತ್ತಿದ್ದರು. ಅದನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು. “ನನ್ನ ಬೆಡ್‌ಶೀಟು ಒಂದು ಸಲ ನೋಡ್ತೀರಾ ಸಾರ್?” ಅಂದೆ. “ಅದೇನು ನೋಡೋದು? ಅವ್ರು ಹೇಳಿದ್ರಲ್ಲ” ಅಂದರು. ಯಾರು ಹೇಳಿದರು ಅಂತ ಇಬ್ಬರಿಗೂ ಆಗ ನೆನಪಾಯಿತು. ನಾನು ಚೀಲ ಎತ್ತಿಕೊಂಡು ಬಂದೆ. ಮೂವತ್ತಕ್ಕೆ ನಿಮ್ಮ ಪತ್ರ ಕೈ ಸೇರಿದ ಮೇಲೂ ಅವರು ನನ್ನ ಸ್ನೇಹಿತರು ಅಂತಲೇ ಬರೆದರು ಅಂದರೆ ನೋಡು.

ಸೋಮವಾರ ವಾರ್ಡಿಗೆ ಸೇರಿದೆ. ನಿನ್ನ ಭಾವನಿಗೆ ಎಲ್ಲ ಹೇಳಿದ್ದೇನೆ, “ಬೋರ್ಡ್ ಬರೆಸಿರಲಿಲ್ಲ ಬಿಡು” ಅಂದರು. ಮ್ಯಾಟ್ರನಮ್ಮ, “ಅದೆಂಥದೋ ಬೆಡ್‌ಶೀಟು ಮಾಡಿದ್ಯಂತಲ್ಲ, ತಾ, ನಮ್ಮಲ್ಲೇ ಹಾಸು” ಅಂದರು. ಕುಣಿದುಬಿಟ್ಟೆ. ಅವರಿಗೆ ನಾನು ಟ್ರೇನಿಂಗ್ ಹುಡುಗಿಯಾಗಿ ಬಂದಾಗಿನಿಂದ ಗೊತ್ತು. 

ನಿನ್ನೆ ಮಧ್ಯಾಹ್ನ ಹಾಸಿದೆವು. ಅರ್ಧ ಮೈ ಸ್ವಾಧೀನ ತಪ್ಪಿದ, ದಪ್ಪನೆಯ ಹೆಂಗಸು. ಮಾತೂ ಇಲ್ಲ, ನೋವಾದರೆ ಹೇಳಲಾರಳು. ಮಲಗಿಸಿ ಎರಡು ಗಂಟೆ ಆಗುವ ಹೊತ್ತಿಗೆ ನಾನೊಂದು ಬದಿ, ಮ್ಯಾಟ್ರನಮ್ಮ ಒಂದು ಬದಿ ನಿಂತಿದ್ದೆವು. ಪೆಟ್ಟಿಗೆ ಸುಮ್ಮನಿತ್ತು. ಹೊತ್ತು ಮೀರಿತು. ನನ್ನ ಮುಖ ಹೇಗಿತ್ತೋ ಏನೋ, ಮ್ಯಾಟ್ರನಮ್ಮ ಭುಜ ತಟ್ಟಿ ನಕ್ಕರು. “ಕೂಗಿತಲ್ಲಮ್ಮ, ನಂಗೆ ಕೇಳಿಸ್ತು. ಸಣ್ಣಗೆ.”

ಕೂಗಿರಲಿಲ್ಲ ಗುಬ್ಬಿ.

ಆ ಗಾಜಿನ ಕೋಣೆಯಲ್ಲೂ ನಾನು ಹೀಗೆ ಬೆವತಿರಲಿಲ್ಲ. ಒಂದು ಕ್ಷಣ ನನಗೂ ಕೇಳಿಸಿದ ಹಾಗಾಯಿತು, ಅದೇ ಭಯ. “ಇಲ್ಲಮ್ಮಾ, ತಿರುಗಿಸಿ” ಅಂದೆ. ತಿರುಗಿಸಿದೆವು. ಬೆನ್ನು ಆಗಲೇ ಕೆಂಪಗಿತ್ತು. ಬೆಡ್‌ಶೀಟು ತೆಗೆದುಬಿಟ್ಟೆ. ಮನೆಗೆ ಓಡಿಬಂದು ಮಾವನ ಬೆನ್ನು ನೋಡಿದೆ, ಸರಿಯಾಗಿದೆ. ಆದರೆ ಅವರು ಹಗುರ ಮನುಷ್ಯ, ಮೇಲಾಗಿ ಪೆಟ್ಟಿಗೆ ಕೂಗದಿದ್ದರೂ ನನ್ನನ್ನು ಕೂಗುತ್ತಾರೆ. ಟೇಲರ್ ಮಾಮ ಹೊಲಿಗೆ ಬಿಚ್ಚುತ್ತ ಕೂತಿದ್ದಾರೆ. “ನಿನ್ನ ತಪ್ಪಲ್ಲ ಬಿಡಮ್ಮ” ಅನ್ನುತ್ತಾರೆ, ಏನು ತಪ್ಪಾಗಿದೆ ಅಂತ ಇನ್ನೂ ನೋಡಿಯೇ ಇಲ್ಲ.

ನಿನ್ನ ಮೇಡಂ ಇನ್ನೂ ನಿನ್ನನ್ನು ಮಾತಾಡಿಸುವ ಹಾಗಿದ್ದರೆ ಕೇಳು. ನನ್ನ ಹೆಸರು ಕೇಳಿರದ, ನಾನು ಅತ್ತರೆ ಕರಗದ ಒಬ್ಬರು ಬೇಕು. ಹಾಸಿಗೆ ಪಕ್ಕ ನಿಂತು ‘ಇಲ್ಲ, ಕೂಗಲಿಲ್ಲ’ ಅನ್ನುವವರು. ಅಂಥವರ ಪರಿಚಯ ನನಗಿಲ್ಲ.

ಅಕ್ಕ